ಬೆಲ್ಲ ಯಾವಾಗ ಹಾಕ್ಬೇಕು?

ಚಟ್ನಿಪುಡಿ ಬಗ್ಗೆ ನಮ್ಮಲ್ಲಿ ಹೆಚ್ಚಾಗಿ ಎರಡು ಥರದ ಬರವಣಿಗೆ ಸಿಗುತ್ತೆ. ಒಂದು, ಗ್ರಾಮು, ಚಮಚದ ಲೆಕ್ಕ ಕೊಟ್ಟು "ಎಲ್ಲವನ್ನೂ ಹದವಾಗಿ ಹುರಿದು ಮಿಕ್ಸಿಗೆ ಹಾಕಿ" ಅಂತ ಎರಡೇ ಸಾಲಲ್ಲಿ ಕೈ ತೊಳ್ಕೊಳ್ಳೋ ರೆಸಿಪಿ. ಇನ್ನೊಂದು, "ಅಮ್ಮನ ಕೈರುಚಿ ಯಾರಿಗೂ ಬರಲ್ಲ" ಅಂತ ಕಣ್ಣು ಒದ್ದೆ ಮಾಡ್ಕೊಳ್ಳೋ ಲೇಖನ. ಮೊದಲನೆಯದನ್ನ ನಂಬಿ ಮಾಡಿದ್ರೆ ಪುಡಿ ಆಗಲ್ಲ, ಉಂಡೆ ಆಗುತ್ತೆ. ಎರಡನೆಯದನ್ನ ನಂಬಿದ್ರೆ ಮಾಡೋಕೇ ಹೋಗಲ್ಲ. ಎರಡರ ಕೊರತೆಯೂ ಒಂದೇ. ದಿನಾ ಪುಡಿ ಮಾಡೋರಿಗೆ ಏನು ಗೊತ್ತಿದೆ ಅನ್ನೋದನ್ನ ಯಾರೂ ಕೂತು ಕೇಳಿ ಬರೆದಿಲ್ಲ.

ಈಚೆಗೆ ಹೊಸ ಹೆಸರುಗಳೂ ಸೇರ್ಕೊಂಡಿವೆ. ಕೆಫೆ ಮೆನುವಿನಲ್ಲಿ ಇದು 'ಗನ್‌ಪೌಡರ್'. ಏರ್ ಫ್ರೈಯರ್ ವಿಡಿಯೋಗಳಲ್ಲಿ 'ಸ್ವೀಟ್ ಅಂಡ್ ಸ್ಪೈಸಿ ಡ್ರೈ ರಬ್, ದೇಸಿ ಸ್ಟೈಲ್'. ಪನೀರ್‌ಗೋ ಆಲೂಗಡ್ಡೆಗೋ ಚಿಕನ್‌ಗೋ ಸವರಿ ಒಳಗೆ ತಳ್ಳಿದ್ರೆ ಮುಗೀತಂತೆ. ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ಗೌರಿಬಿದನೂರು, ಚಿಂತಾಮಣಿ ಕಡೆ ಒಂದೇ ಬೀದಿಯಲ್ಲಿ ಈ ಮನೆಯವರು ಚಟ್ನಿಪುಡಿ ಅಂತಾರೆ, ಎದುರು ಮನೆಯವರು ತೆಲುಗಲ್ಲಿ ಕಾರಂಪೊಡಿ ಅಂತಾರೆ, ಬಟ್ಟಲು ಮಾತ್ರ ಎರಡೂ ಮನೆಗೆ ಓಡಾಡುತ್ತೆ. ತಕರಾರು ಇರೋದು ಕೆಲಸದ ಬಗ್ಗೆ. ರಬ್ ಮಾಡೋ ಕೆಲಸ ಬೇರೆ, ಪುಡಿ ಮಾಡೋ ಕೆಲಸ ಬೇರೆ.

ಅಮೆರಿಕದ ಬಾರ್ಬೆಕ್ಯೂ ರಬ್ ನೋಡಿ. ಕಂದು ಸಕ್ಕರೆ, ಪ್ಯಾಪ್ರಿಕಾ, ಉಪ್ಪು, ಕಾಳುಮೆಣಸು, ಬೆಳ್ಳುಳ್ಳಿ ಪುಡಿ, ಇಷ್ಟನ್ನ ಹಾಗೇ ಬೆರೆಸಿ ಮಾಂಸಕ್ಕೆ ಉಜ್ಜುತ್ತಾರೆ. ಬೇಯೋದೆಲ್ಲ ಆಮೇಲೆ. ಅದೂ ಸುಮಾರು 107 ಡಿಗ್ರಿ ಸೆಲ್ಸಿಯಸ್‌ನಲ್ಲಿ (ಅವರ ಲೆಕ್ಕದಲ್ಲಿ 225 ಫ್ಯಾರನ್‌ಹೀಟ್), ಗಂಟೆಗಟ್ಟಲೆ, ಹೊಗೆಯಲ್ಲಿ. ಆ ಶಾಖಕ್ಕೆ ಸಕ್ಕರೆ ಕರಗಿ ಅಂಟುತ್ತೆ, ಕರಕಲಾಗಲ್ಲ. ಅವರ ಪದ್ಧತಿಗೂ ಅದರದ್ದೇ ಲೆಕ್ಕಾಚಾರ ಇದೆ. ನಮ್ಮ ಪುಡಿಯಲ್ಲಿ ಬೆಂಕಿಯ ಕೆಲಸ ಬೆರೆಸೋ ಮುಂಚೆನೇ ಮುಗಿದಿರುತ್ತೆ. ಮೆಣಸಿನಕಾಯಿ, ಕಡ್ಲೆಕಾಯಿ ಬೀಜ, ಕರಿಬೇವು, ಹುಣಸೆ ಒಂದೊಂದೂ ತನ್ನ ಪಾಲಿನ ಉರಿ ಕಂಡು ಬಂದಿರುತ್ತೆ. ಅದಕ್ಕೇ ಬಿಸಿ ಅನ್ನದ ಮೇಲೆ ಉದುರಿಸಿ ತುಪ್ಪ ಹಾಕಿದ್ರೆ ಸಾಕು. ಅದನ್ನ ತಗೊಂಡು 200 ಡಿಗ್ರಿಯ ಏರ್ ಫ್ರೈಯರ್‌ಗೆ ಇನ್ನೊಂದು ಸಲ ತಳ್ಳಿದ್ರೆ ಬೆಲ್ಲ ಕಪ್ಪಾಗುತ್ತೆ, ಕಡ್ಲೆಕಾಯಿ ಕಹಿಯಾಗುತ್ತೆ. ಆಮೇಲೆ ಕಾಮೆಂಟಲ್ಲಿ "ಸ್ವಲ್ಪ ಸುಟ್ಟ ವಾಸನೆ ಬಂತು, ಯಾಕೆ ಮೇಡಂ?" ಅಂತ ಪ್ರಶ್ನೆ. ಆಲೂಗಡ್ಡೆನೋ ಜೋಳಾನೋ ಬರೀ ಎಣ್ಣೆ, ಉಪ್ಪಲ್ಲಿ ಬೇಯಿಸಿ, ಹೊರಗೆ ತೆಗೆದ ಮೇಲೆ ಪುಡಿ ಉದುರಿಸಿ. ಇದನ್ನ ಹೇಳೋಕೆ ಒಂದು ಸಾಲು ಸಾಕಿತ್ತು. ಎರಡನ್ನೂ ಒಂದೇ ಅಂದುಕೊಂಡವರ ಕೈಲಿ ಆ ಸಾಲು ಬರಲ್ಲ.

ಇನ್ನು ಸಿಹಿಯ ವಿಷಯ. ಖಾರದ ಪುಡಿಗೆ ಬೆಲ್ಲ ಯಾಕೆ ಅಂದ್ರೆ "ಬ್ಯಾಲೆನ್ಸ್‌ಗೆ" ಅಂತಾರೆ. ಯಾವುದರ ಬ್ಯಾಲೆನ್ಸ್ ಅಂತ ಮಾತ್ರ ಹೇಳಲ್ಲ. ಖಾರ ಅನ್ನೋದು ಸಿಹಿ, ಹುಳಿಗಳ ಥರ ರುಚಿಯೇ ಅಲ್ಲ, ಉರಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಾಲಿಗೆಯಲ್ಲಿ ಮುಟ್ಟೋದು ಬಿಸಿ ತಾಗಿದ್ರೆ ಎಚ್ಚರಿಸೋ ನರಗಳನ್ನೇ. ಆ ಗ್ರಾಹಕವನ್ನ 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಅದಕ್ಕೂ ಎಷ್ಟೋ ಮೊದಲು, 1912ರಲ್ಲಿ, ವಿಲ್ಬರ್ ಸ್ಕೋವಿಲ್ ಅನ್ನೋ ಅಮೆರಿಕದ ಫಾರ್ಮಸಿಸ್ಟ್ ಖಾರ ಅಳೆಯೋಕೆ ಒಂದು ದಾರಿ ಹುಡುಕಿದ. ಮೆಣಸಿನಕಾಯಿ ಸಾರಕ್ಕೆ ಸಕ್ಕರೆ ನೀರು ಬೆರೆಸ್ತಾ ಹೋಗೋದು, ರುಚಿ ನೋಡೋರಿಗೆ ಖಾರ ಗೊತ್ತಾಗದೆ ಇರೋ ತನಕ. ಎಷ್ಟು ಪಟ್ಟು ಬೆರೆಸಬೇಕಾಯ್ತೋ ಅದೇ ಅಳತೆ. ಈಗಲೂ ಸಾಸ್ ಬಾಟಲಿ ಮೇಲೆ ಕಾಣೋ ಸ್ಕೋವಿಲ್ ನಂಬರ್ ಅಲ್ಲಿಂದ ಬಂದಿದ್ದು.

ನಮ್ಮ ಅಡುಗೆಮನೆಯ ಬೆಲ್ಲ ಖಾರವನ್ನ ಅಳಿಸಿಹಾಕೋಕೆ ಇರೋದಲ್ಲ. ಉರಿಯನ್ನ ಒಂದು ಕ್ಷಣ ಹಿಂದಕ್ಕೆ ತಳ್ಳೋಕೆ ಇರೋದು. ಮೊದಲು ಹುಳಿ, ಸಿಹಿ, ಹುರಿದ ಘಮ ಸಿಗುತ್ತೆ, ಖಾರ ಆಮೇಲೆ ಬರುತ್ತೆ. "ಸಿಹಿ ಇದೆ" ಅಂತ ನಾಲಿಗೆಗೆ ಗೊತ್ತಾಯ್ತು ಅಂದ್ರೆ ಬೆಲ್ಲ ಜಾಸ್ತಿ ಆಯ್ತು ಅಂತ ಅರ್ಥ. ಖಾರ ಮೊದಲೇ ಚುಚ್ಚಿತು ಅಂದ್ರೆ ಕಡಿಮೆ ಆಯ್ತು. ನೋಡಿ, ಇದು ಹೇಳಿಕೊಡಬಹುದಾದ ಮಾತು. ಯಾವ ದೈವದತ್ತ ಕೈಯೂ ಬೇಕಿಲ್ಲ.

ರೆಸಿಪಿಗಳ ಮೇಲಿನ ನನ್ನ ದೊಡ್ಡ ದೂರು 'ಹದ' ಅನ್ನೋ ಪದದ ಬಗ್ಗೆ. ಎಲ್ಲಿ ವಿವರಿಸಬೇಕೋ ಸರಿಯಾಗಿ ಅಲ್ಲೇ ಆ ಪದ ಬಂದು ಕೂರುತ್ತೆ. ಕೋಡ್‌ನಲ್ಲಿ ಮುಖ್ಯವಾದ ಫಂಕ್ಷನ್ ಒಳಗೆ 'ಇಲ್ಲಿ ಆಮೇಲೆ ಬರೀತೀನಿ' ಅಂತ ಕಾಮೆಂಟ್ ಹಾಕಿ ಬಿಟ್ಟ ಹಾಗೆ. ಅಳತೆ ಯಾರು ಬೇಕಾದ್ರೂ ಕೊಡಬಹುದು. ಕಡ್ಲೆಕಾಯಿ ಬೀಜ 200 ಗ್ರಾಂ, ಹುರಿಗಡಲೆ 50, ತುರಿದ ಒಣಕೊಬ್ಬರಿ 50, ಬ್ಯಾಡಗಿ ಮೆಣಸಿನಕಾಯಿ 15, ಗುಂಟೂರು 4, ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆ, ಅದರ ಎರಡರಷ್ಟು ಬೆಲ್ಲ, ಎರಡು ಹಿಡಿ ಕರಿಬೇವು, ಎರಡು ಚಮಚ ಉಪ್ಪು, ಚಿಟಿಕೆ ಇಂಗು. ತಗೊಳ್ಳಿ, ಕೊಟ್ಟೆ. ಇಷ್ಟರಿಂದಲೇ ಪುಡಿ ಬರೋ ಹಾಗಿದ್ರೆ ಈ ಲೇಖನ ಬೇಕಿರಲಿಲ್ಲ.

ಪುಡಿಯ ಶತ್ರು ತೇವ. ಇದೊಂದು ತಲೆಗೆ ಹತ್ತಿದ್ರೆ ಉಳಿದ ಕ್ರಮವೆಲ್ಲ ತಾನಾಗೇ ಅರ್ಥ ಆಗುತ್ತೆ. ಕರಿಬೇವನ್ನ ಹಿಂದಿನ ದಿನವೇ ತೊಳೆದು ನೆರಳಲ್ಲಿ ಒಣಗಿಸಿರಬೇಕು. ಹುರಿದಾಗ ಬೆರಳಲ್ಲಿ ಹಿಸುಕಿದ್ರೆ ಚೂರಾಗಬೇಕು, ಮಡಚಿಕೊಂಡ್ರೆ ಇನ್ನೂ ಆಗಿಲ್ಲ. ಮೆಣಸಿನಕಾಯಿಗೆ ಎರಡು ಹನಿ ಎಣ್ಣೆ, ಸಣ್ಣ ಉರಿ. ಉಬ್ಬಿ, ಅಲ್ಲಾಡಿಸಿದ್ರೆ ಒಳಗಿನ ಬೀಜ ಗಲಗಲ ಅನ್ನಬೇಕು. ಕಪ್ಪು ಚುಕ್ಕೆ ಬಿದ್ರೆ ಆ ಕಾಯನ್ನ ಎತ್ತಿ ಬಿಸಾಕಿ, ಒಂದರ ಕಹಿ ಡಬ್ಬಿಯಿಡೀ ಹರಡುತ್ತೆ. ಕಡ್ಲೆಕಾಯಿ ಬೀಜಕ್ಕೆ ಹತ್ತು ಹನ್ನೆರಡು ನಿಮಿಷ ಬೇಕು. ದೊಡ್ಡ ಉರಿ ಇಟ್ರೆ ಸಿಪ್ಪೆ ಕಪ್ಪಾಗುತ್ತೆ, ಒಳಗೆ ಹಸಿ ಉಳಿಯುತ್ತೆ. ಒಂದನ್ನ ಎರಡು ಹೋಳು ಮಾಡಿ ಒಳಗಿನ ಬಣ್ಣ ನೋಡಬೇಕು. ಹುರಿಗಡಲೆ ಆಗಲೇ ಹುರಿದದ್ದು, ಸುಮ್ಮನೆ ಬೆಚ್ಚಗೆ ಮಾಡಿದ್ರೆ ಸಾಕು. ಕೊಬ್ಬರಿನೂ ಅಷ್ಟೇ, ಬಣ್ಣ ತಿರುಗೋ ತನಕ ಬಿಡಬಾರದು.

ಜನ ಎಡವೋದು ಹುಣಸೆಯಲ್ಲಿ. ಬೀಜ, ನಾರು ತೆಗೆದು, ಸಣ್ಣಗೆ ಕಿತ್ತು, ಒಣ ಬಾಣಲೆಯಲ್ಲಿ ಸಣ್ಣ ಉರಿ ಮೇಲೆ ಹೊರಳಿಸ್ತಾ ಇರಬೇಕು. ಬಿಸಿಯಲ್ಲಿ ಮೆತ್ತಗೇ ಇರುತ್ತೆ, ಆರಿದ ಮೇಲೆ ಗಟ್ಟಿಯಾಗಿ ಮುರಿಯುತ್ತೆ. ಮುರಿದ್ರೆ ಮಾತ್ರ ಮಿಕ್ಸಿಗೆ. ಉಪ್ಪನ್ನೂ ಒಂದು ನಿಮಿಷ ಬೆಚ್ಚಗೆ ಮಾಡಿ. ಆಮೇಲೆ ಎಲ್ಲವನ್ನೂ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಬೇಕು. ಬಿಸಿ ಇರೋವಾಗ ರುಬ್ಬಿದ್ರೆ ಆವಿ ಮುಚ್ಚಳಕ್ಕೆ ಹತ್ತಿ ನೀರಾಗಿ ವಾಪಸ್ ಬೀಳುತ್ತೆ, ಕಡ್ಲೆಕಾಯಿ ಎಣ್ಣೆ ಬಿಡುತ್ತೆ. ಪೀನಟ್ ಬಟರ್ ಹುಟ್ಟೋದು ಹಾಗೇನೇ.

ಮಿಕ್ಸಿಯಲ್ಲಿ ಮೊದಲು ಮೆಣಸಿನಕಾಯಿ, ಉಪ್ಪು, ಹುಣಸೆ, ಕರಿಬೇವು, ಇಂಗು ನುಣ್ಣಗೆ. ಆಮೇಲೆ ಹುರಿಗಡಲೆ, ಕೊಬ್ಬರಿ. ಆಮೇಲೆ ಸಿಪ್ಪೆ ಉಜ್ಜಿದ ಕಡ್ಲೆಕಾಯಿ ಬೀಜ, ನಿಲ್ಲಿಸಿ ನಿಲ್ಲಿಸಿ, ತರಿತರಿಯಾಗಿ. ಕಟ್ಟಕಡೆಗೆ ತುರಿದ ಬೆಲ್ಲ, ಎರಡೇ ಸುತ್ತು. ಬೆಲ್ಲ ಕೊನೆಗೆ ಯಾಕೆ ಅಂದ್ರೆ ಅದರಲ್ಲಿ ಬರೀ ಸಕ್ಕರೆ ಇರಲ್ಲ, ಗ್ಲೂಕೋಸ್, ಫ್ರಕ್ಟೋಸ್ ಕೂಡ ಇರುತ್ತೆ. ಗಾಳಿಯ ತೇವ ಎಳೆದುಕೊಳ್ಳೋ ಸ್ವಭಾವ ಅದಕ್ಕೆ. ಮೊದಲೇ ಹಾಕಿದ್ರೆ ಬ್ಲೇಡಿನ ಬಿಸಿಗೆ ಕರಗಿ ಎಲ್ಲವನ್ನೂ ಅಂಟಿಸಿಬಿಡುತ್ತೆ. ಕೊನೆಗೆ ಹಾಕಿದ್ರೆ ಸುತ್ತಲೂ ಒಣ ಹಿಟ್ಟು ಇರುತ್ತೆ, ಒಂದೊಂದು ಚೂರೂ ಬಿಡಿಬಿಡಿಯಾಗಿ ನಿಲ್ಲುತ್ತೆ. ವಿಡಿಯೋಗಳಲ್ಲಿ ಇದನ್ನ "ಎಲ್ಲ ಒಟ್ಟಿಗೆ ಹಾಕ್ಕೊಳ್ಳಿ ಫ್ರೆಂಡ್ಸ್" ಅಂತ ಮುಗಿಸ್ತಾರೆ. ನಾನು ಒಂದು ರೆಸಿಪಿಯನ್ನ ನಂಬಬೇಕೋ ಬೇಡವೋ ಅಂತ ನೋಡೋದು ಈ ಒಂದು ಜಾಗದಲ್ಲಿ. ಬೆಲ್ಲ ಯಾವಾಗ ಅಂತ ಹೇಳದೇ ಇದ್ರೆ, ಅದನ್ನ ಬರೆದವರು ಡಬ್ಬಿಯನ್ನ ಹತ್ತು ದಿನ ಬಿಟ್ಟು ತೆಗೆದು ನೋಡಿಲ್ಲ.

ಪ್ಯಾಕೆಟ್ ಪುಡಿಗಳನ್ನೂ ಇದೇ ಕಣ್ಣಲ್ಲಿ ಓದಿ. ಹಿಂಬದಿಯಲ್ಲಿ ಪದಾರ್ಥಗಳನ್ನ ತೂಕದ ಇಳಿಕೆ ಕ್ರಮದಲ್ಲಿ ಹಾಕಬೇಕು ಅನ್ನೋದು ನಮ್ಮ ದೇಶದ ನಿಯಮ. ಹುರಿಗಡಲೆ ಆದ ತಕ್ಷಣ ಸಕ್ಕರೆ ಬಂತು ಅಂದ್ರೆ ಪುಡಿಯ ಚಾರಿತ್ರ್ಯ ಅಲ್ಲೇ ಗೊತ್ತಾಯ್ತು. 330 ಅಂತಿದ್ರೆ ಅದು ಸಿಟ್ರಿಕ್ ಆಮ್ಲ, ಹುಣಸೆಯ ಜಾಗಕ್ಕೆ ಬಂದಿರೋದು. 551 ಅಂದ್ರೆ ಸಿಲಿಕಾನ್ ಡೈಆಕ್ಸೈಡ್, ಪುಡಿ ಗಂಟು ಕಟ್ಟದ ಹಾಗೆ ನೋಡಿಕೊಳ್ಳೋದು. ಇವೇನೂ ವಿಷ ಅಲ್ಲ, ವಾಟ್ಸಾಪ್ ಗಾಬರಿ ಬೇಡ. ಅಂಗಡಿಯ ಶೆಲ್ಫಲ್ಲಿ ತಿಂಗಳುಗಟ್ಟಲೆ ಕೂರಬೇಕಾದ ಪುಡಿಗೆ ಅದರದ್ದೇ ಕಷ್ಟ ಇದೆ. ಆದ್ರೆ ಹುಣಸೆ ಹುರಿಯೋ ಕೆಲಸವನ್ನ 330, ಬೆಲ್ಲ ಕಾಯೋ ಕೆಲಸವನ್ನ 551 ಮಾಡ್ತಿರೋವಾಗ ಪ್ಯಾಕೆಟ್ ಮುಂದೆ 'ಅಜ್ಜಿಯ ಸಾಂಪ್ರದಾಯಿಕ ವಿಧಾನ' ಅಂತ ಅಚ್ಚು ಹಾಕೋದು ಮಾತ್ರ ಸುಳ್ಳು. ಅಜ್ಜಿಯ ವಿಧಾನ ಅಂದ್ರೆ ಆ ಕ್ರಮವೇ. ಅದನ್ನೇ ತೆಗೆದ ಮೇಲೆ ಉಳಿಯೋದು ಅಜ್ಜಿಯ ಫೋಟೋ.

ಈಗ 'ಕೈರುಚಿ'ಗೆ ಬರೋಣ. ಈ ಪದದ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟಿದೆ, ಯಾಕಂದ್ರೆ ಇದನ್ನ ಆಡೋರು ನಾವು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರೀಕ್ಷೆ ಮಾಡೋಕೆ ಒಂದು ಸಮಿತಿಯನ್ನೇ ಮಾಡಿದ್ರು. ಆ ಮಣ್ಣಿನ ಮಕ್ಕಳಾದ ನಾವು ಅಡುಗೆಮನೆಯ ಬಾಗಿಲಿಗೆ ಬಂದ ತಕ್ಷಣ ಪ್ರಶ್ನೆ ಕೇಳೋದನ್ನ ನಿಲ್ಲಿಸಿ ಕೈ ಮುಗೀತೀವಿ. ಹುಣಸೆ ಮುರಿಯೋದು, ಬೀಜ ಗಲಗಲ ಅನ್ನೋದು, ಬೆಲ್ಲವನ್ನ ಕೊನೆಗೆ ಇಟ್ಕೊಳ್ಳೋದು, ಇವೆಲ್ಲ ನೋಡಿ, ತಪ್ಪಿ, ತಿದ್ದಿ ಕಲಿತ ವಿದ್ಯೆ. ಅದನ್ನ 'ಕೈರುಚಿ' ಅಂದುಬಿಟ್ರೆ ವಿದ್ಯೆ ಅಂತ ಒಪ್ಪಬೇಕಾಗಿಲ್ಲ, ಕಲಿಯಬೇಕಾಗಿಯೂ ಇಲ್ಲ. ಹೊಗಳಿಕೆ ನಮ್ಮದು, ಕೆಲಸ ಅವರದ್ದು.

ಅವರ ಕೆಲಸ ಅಂದ್ರೆ ಎಷ್ಟು ಅಂತ ಯೋಚಿಸಿ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಅರವತ್ತು ಕಿಲೋಮೀಟರ್ ಆಸುಪಾಸು. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯಿಂದ ಸೋಮವಾರ ಬೆಳಿಗ್ಗೆ ಬರೋ ಬಸ್ಸುಗಳಲ್ಲಿ ಲ್ಯಾಪ್‌ಟಾಪ್ ಬ್ಯಾಗಿನ ಪಕ್ಕ ಒಂದು ಡಬ್ಬಿ ಇದ್ದೇ ಇರುತ್ತೆ. ಆ ಡಬ್ಬಿಯ ಹಿಂದೆ ಎರಡು ಗಂಟೆ ಒಲೆ ಮುಂದೆ ನಿಂತ ಅರವತ್ತು ದಾಟಿದ ಹೆಂಗಸು ಇರ್ತಾರೆ, ಮೆಣಸಿನಕಾಯಿ ಘಾಟಿಗೆ ಸೆರಗು ಮೂಗಿಗೆ ಹಿಡ್ಕೊಂಡು ಕೆಮ್ಮಿರ್ತಾರೆ. ಅದಕ್ಕೂ ಮುಂಚೆ ಕಡ್ಲೆಕಾಯಿ ಸುಲಿದಿರ್ತಾರೆ, ಹುಣಸೆ ಬೀಜ ಬಿಡಿಸಿರ್ತಾರೆ. "ಮುಂದಿನ ಸಲ ಇನ್ನೊಂದು ಚೂರು ಜಾಸ್ತಿ ಕಳ್ಸಮ್ಮ, ಟೀಮಲ್ಲಿ ಎಲ್ರೂ ಕೇಳ್ತಾರೆ" ಅಂತ ನಾವು ಫೋನಲ್ಲಿ ಹೇಳ್ತೀವಿ. "ಆಯ್ತು ಬಿಡಪ್ಪ, ಮಾಡಿಟ್ಟಿರ್ತೀನಿ" ಅಂತಾರೆ ಅವರು. ಈ ಮಾತುಕತೆಯಲ್ಲಿ ಪ್ರೀತಿ ಇದೆ, ಇಲ್ಲ ಅನ್ನಲ್ಲ. ಆದ್ರೆ ಆ ಕೈ ಒಂದು ದಿನ ನಿಲ್ಲುತ್ತೆ. ಅವತ್ತು ನಮ್ಮ ಹತ್ತಿರ ಉಳಿಯೋದು ಒಂದು ಅಳತೆ ಪಟ್ಟಿ, ಒಂದಷ್ಟು ಕಣ್ಣೀರಿನ ಪೋಸ್ಟು.

ಮೆಣಸಿನಕಾಯಿ ಹೊರಗಿಂದ ಬಂದದ್ದು, ಪೋರ್ಚುಗೀಸರ ಹಡಗಿನಲ್ಲಿ. ಮೆಣಸು ಅನ್ನೋ ಹಳೇ ಹೆಸರನ್ನೇ ಅದಕ್ಕೆ ಹಚ್ಚಿ ಮೆಣಸಿನಕಾಯಿ ಮಾಡ್ಕೊಂಡ್ವಿ. ಕಡ್ಲೆಕಾಯಿನೂ ಅಮೆರಿಕ ಖಂಡದಿಂದಲೇ ಬಂದ ಬೆಳೆ. ಅಂದ್ರೆ ನಮ್ಮ ಊರಿನ ಯಾವುದೋ ಕಾಲದ ಹೆಂಗಸರು ಗೊತ್ತಿಲ್ಲದ ಎರಡು ಪದಾರ್ಥ ಕೈಗೆ ಸಿಕ್ಕಾಗ ಹುರಿದು, ಕೆಡಿಸಿ, ಮತ್ತೆ ಹುರಿದು ಈ ಕ್ರಮವನ್ನ ಕಂಡುಹಿಡಿದಿದ್ದಾರೆ. ಹೀಗಿರುವಾಗ ಪನೀರ್ ಮೇಲೆ, ಜೋಳದ ಮೇಲೆ ಪುಡಿ ಉದುರಿಸೋದ್ರಲ್ಲಿ ಯಾವ ಅಪಚಾರವೂ ಇಲ್ಲ. ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ತು, ಒಳ್ಳೇದು. ಅದನ್ನ ಕಪ್ಪಾಗದ ಹಾಗೆ ಹುರಿಯೋ ವಿದ್ಯೆಗೆ ಯಾರೂ ಗುರುತು ಕೊಡಬೇಕಿಲ್ಲ, ಬರೆದಿಟ್ಟರೆ ಸಾಕು.

ಹಾಗಾಗಿ ಈ ಸಲ ಊರಿಗೆ ಹೋದಾಗ ಡಬ್ಬಿ ಕೇಳಬೇಡಿ. ಮೆಣಸಿನಕಾಯಿ ಹುರಿಯೋ ಹೊತ್ತಿಗೆ ಒಲೆ ಹತ್ತಿರ ನಿಂತ್ಕೊಳ್ಳಿ, ಸೌಟು ನೀವು ತಗೊಳ್ಳಿ. "ಎಷ್ಟು ಹಾಕ್ತೀಯಮ್ಮ?" ಅಂತ ಕೇಳಿದ್ರೆ "ಕಣ್ಣಂದಾಜು ಕಣಪ್ಪ" ಅಂತಾರೆ, ಅಲ್ಲಿಗೆ ಮಾತು ನಿಲ್ಲುತ್ತೆ. "ಆಯ್ತು ಅಂತ ನಿಂಗೆ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿ. ಅವರು ಹುಣಸೆಯ ಚೂರೊಂದನ್ನ ನಿಮ್ಮ ಕೈಗೆ ಕೊಟ್ಟು ಮುರಿಯೋಕೆ ಹೇಳ್ತಾರೆ. ಅದನ್ನ ಬರ್ಕೊಳ್ಳಿ.