ಜೇಡಿಯೊಳಗಿನ ನೀರಿಗೆ ದಾರಿ

ಮೆತ್ತನೆಯ ಜೇಡಿಮಣ್ಣನ್ನು ಭಾರ ಹೊರುವಂತೆ ಮಾಡುವ ವಿಧಾನಗಳಲ್ಲಿ ಮರಳಿನ ಕಂಬದಷ್ಟು ಸರಳವೂ ಜಾಣತನದ್ದೂ ಆದದ್ದು ವಿರಳ. ಕಡಲತಳದ ಜೇಡಿಯಲ್ಲಿ ಕಣಗಳ ನಡುವೆ ನೀರು ತುಂಬಿರುತ್ತದೆ. ಮೇಲೆ ಭಾರ ಬಿದ್ದಾಗ ಮೊದಲು ಅದನ್ನು ಹೊರುವುದು ಈ ನೀರೇ. ನೀರು ಬಸಿದುಹೋದಂತೆಲ್ಲ ಭಾರ ಕಣಗಳಿಗೆ ದಾಟುತ್ತದೆ, ಮಣ್ಣು ಕುಗ್ಗಿ ಬಿಗಿಯಾಗುತ್ತದೆ. 1920ರ ದಶಕದಲ್ಲಿ ಕಾರ್ಲ್ ಟೆರ್ಜಾಗಿ ಇದನ್ನು ಗಣಿತಕ್ಕೆ ಇಳಿಸಿದರು. ಜೇಡಿ ಮಾತ್ರ ನೀರು ಬಿಡುವುದರಲ್ಲಿ ಮಹಾ ಜಿಪುಣ.

ಬಸಿಯಲು ಹಿಡಿಯುವ ಸಮಯ ನೀರು ಸಾಗಬೇಕಾದ ದೂರದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ದೂರವನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ ಸಮಯ ನೂರನೇ ಒಂದು ಭಾಗವಾಗುತ್ತದೆ. ಗುಟ್ಟು ಇರುವುದೇ ಇಲ್ಲಿ. ಹತ್ತಿರ ಹತ್ತಿರ ಮರಳಿನ ಕಂಬಗಳನ್ನು ಇಳಿಸಿ ಮೇಲೆ ಮಣ್ಣು ಪೇರಿಸಿದರೆ, ನೀರು ಅಡ್ಡಲಾಗಿ ಅತ್ಯಲ್ಪ ದೂರ ಸರಿದು ಕಂಬದ ಮೂಲಕ ಮೇಲೇರುತ್ತದೆ. ದಶಕಗಳ ಕೆಲಸ ತಿಂಗಳುಗಳಲ್ಲಿ ಮುಗಿಯುತ್ತದೆ. ಈಗ ಮರಳಿನ ಜಾಗಕ್ಕೆ ಅಂಗೈ ಅಗಲದ ಪ್ಲಾಸ್ಟಿಕ್ ಪಟ್ಟಿಗಳು ಬಂದಿವೆ.

1994ರಲ್ಲಿ ತೆರೆದ ಜಪಾನಿನ ಕನ್ಸಾಯ್ ವಿಮಾನ ನಿಲ್ದಾಣ ಒಸಾಕಾ ಕೊಲ್ಲಿಯಲ್ಲಿ ಕಟ್ಟಿದ ದ್ವೀಪದ ಮೇಲಿದೆ. ಅಲ್ಲಿ ಸಮುದ್ರತಳದ ಸುಮಾರು 20 ಮೀಟರ್ ದಪ್ಪದ ಮೆತ್ತನೆಯ ಜೇಡಿಗೆ ಸುಮಾರು 10 ಲಕ್ಷ ಮರಳಿನ ಕಂಬಗಳನ್ನು ಇಳಿಸಲಾಯಿತು. ಆ ಪದರ ಬೇಗನೆ ನೆಲೆನಿಂತಿತು. ಅದರಡಿಯ ಹಳೆಯ, ಬಲು ಆಳದ ಜೇಡಿಯನ್ನು ಕಂಬಗಳು ಮುಟ್ಟಲಿಲ್ಲ. ದ್ವೀಪ ಇಂದಿಗೂ ಕುಸಿಯುತ್ತಿರುವುದಕ್ಕೆ ಅದೇ ಕಾರಣ. ಟರ್ಮಿನಲ್ ಕಟ್ಟಡದ ಕಂಬಗಳನ್ನು ಜಾಕ್‌ಗಳಿಂದ ಎತ್ತಿ, ಬುಡಕ್ಕೆ ಉಕ್ಕಿನ ಹಲಗೆ ಸೇರಿಸಿ ಮಟ್ಟ ಸರಿಪಡಿಸಲಾಗುತ್ತದೆ.