ಬೆಟ್ಟ ಕಾಣುವಷ್ಟು ದೂರ

ಬೆಟ್ಟದ ನೆತ್ತಿಯಲ್ಲಿ ನಿಂತವನಿಗೆ ಕಾಣದೆ ಹೋಗುವುದು ಒಂದೇ, ಆ ಬೆಟ್ಟ. ಚಿಂತಾಮಣಿ ಬಳಿಯ ಅಂಬಾಜಿದುರ್ಗ ಹತ್ತಿ ನೋಡಿ. ಎದುರಿಗೆ ರಹಮಾನ್‌ಗಡ, ಸುತ್ತ ಕೆರೆಗಳು, ಟೊಮೆಟೊ ಹೊಲಗಳು, ಹಿಪ್ಪುನೇರಳೆಯ ಹಸಿರು ತೇಪೆಗಳು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಸಮುದ್ರಮಟ್ಟದಿಂದ ಸುಮಾರು 4,400 ಅಡಿ ಎತ್ತರದ ದುರ್ಗ ಮಾತ್ರ ಕಾಲಡಿ ಸೇರಿಹೋಗಿರುತ್ತದೆ. ಪ್ರವಾಸಿಗರಿಗೆಂದು ಕಟ್ಟಡ ಕಟ್ಟುವವರು ಮೊದಲು ಮರೆಯುವುದು ಇದನ್ನೇ. ತುದಿಯಲ್ಲೊಂದು ‘ವ್ಯೂ ಪಾಯಿಂಟ್’, ಪಕ್ಕದಲ್ಲೊಂದು ಕ್ಯಾಂಟೀನು, ಅಲ್ಲಿವರೆಗೂ ಡಾಂಬರು ರಸ್ತೆ. ಊರಿನವರು ತಲೆಮಾರುಗಳಿಂದ ನೋಡುತ್ತ ಬಂದ ಬೆಟ್ಟದ ಗೆರೆಯ ಮೇಲೆ ಆಮೇಲೆ ಒಂದು ನೀರಿನ ಟ್ಯಾಂಕು ಎದ್ದು ನಿಂತಿರುತ್ತದೆ.

ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಈ ವಿಷಯದಲ್ಲಿ ನನಗೆ ಮೇಷ್ಟ್ರು. ಸಿಗಿರಿಯ ಬಂಡೆಯ ಬುಡದಲ್ಲಿ ಹೋಟೆಲು ಬೇಕೆಂದು ಕೇಳಿ ಬಂದವರಿಗೆ ಅವರು ಆ ಜಾಗವೇ ಬೇಡ ಎಂದರು. ಬದಲಿಗೆ ಆರಿಸಿದ್ದು ದೂರದ ಕಂಡಲಮ ಕೆರೆಯ ಮೇಲಿನ ಬಂಡೆಸಾಲನ್ನು. 1994ರಲ್ಲಿ ಬಾಗಿಲು ತೆರೆದ ಆ ಹೋಟೆಲು ಬೆಟ್ಟದ ಮಗ್ಗುಲಿಗೆ ಒರಗಿ ಉದ್ದಕ್ಕೂ ಮಲಗಿದೆ, ಮೈತುಂಬ ಬಳ್ಳಿ ಹೊದ್ದಿದೆ. ಒಳಗೆ ಕೂತರೆ ಕೆರೆಯ ನೀರಿನಾಚೆ ಸಿಗಿರಿಯ ಇಡಿಯಾಗಿ ಕಾಣುತ್ತದೆ. ಸ್ಥಳೀಯ ಶೈಲಿ ಎಂದ ಕೂಡಲೇ ಹುಲ್ಲಿನ ಛಾವಣಿ ಹುಡುಕುವವರು ಗಮನಿಸಬೇಕು: ಬಾವಾ ಅಲ್ಲಿ ಬಳಸಿದ್ದು ಕಾಂಕ್ರೀಟಿನ ಚೌಕಟ್ಟು, ಸಪಾಟು ತಾರಸಿ. ಜಾಗ ಆರಿಸುವಾಗಲೇ ಮುಕ್ಕಾಲು ಕೆಲಸ ಮುಗಿದಿತ್ತು. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನಲ್ಲೂ 2013ರಲ್ಲಿ ಹೊಸ ಪ್ರವಾಸಿ ಕೇಂದ್ರ ಕಟ್ಟಿದಾಗ ಅದನ್ನು ಕಲ್ಲುಗಳಿಂದ ಸುಮಾರು ಎರಡೂವರೆ ಕಿಲೋಮೀಟರು ಆಚೆಗೆ ಇಟ್ಟರು. ಕಾರು ಅಲ್ಲೇ ನಿಲ್ಲಬೇಕು. ಮುಂದಕ್ಕೆ ಅವರ ಬಸ್ಸು, ಇಲ್ಲವೇ ನಿಮ್ಮ ಕಾಲು.

ನಮ್ಮ ನಂದಿಬೆಟ್ಟದ ಕಥೆ ಬೇರೆ. ಬ್ರಿಟಿಷ್ ಅಧಿಕಾರಿ ಕಬ್ಬನ್ ಸಾಹೇಬರಂಥವರು ಅಲ್ಲಿಗೆ ಹೋದದ್ದು ಬೆಟ್ಟ ನೋಡುವುದಕ್ಕಲ್ಲ, ಬಯಲಿನ ಬಿಸಿಲು ತಪ್ಪಿಸಿಕೊಳ್ಳುವುದಕ್ಕೆ. ತಂಪು ಬೇಕೆಂದರೆ ನೆತ್ತಿಯಲ್ಲೇ ಮನೆ ಕಟ್ಟಬೇಕು, ಕಟ್ಟಿದರು. ತೋಟಗಾರಿಕೆಯವರ ಮರಗಳು ಆ ಕಟ್ಟಡಗಳನ್ನು ಅರ್ಧ ಮರೆಮಾಡಿವೆ. ಆದರೆ ಭಾನುವಾರ ಬೆಳಗ್ಗೆ ತಿರುವುಗಳುದ್ದಕ್ಕೂ ನಿಲ್ಲುವ ಕಾರುಗಳನ್ನು ಯಾವ ಮರವೂ ಮರೆಮಾಡಲಾರದು. ನಂದಿಯನ್ನು ನೋಡಿ ಅಂಬಾಜಿದುರ್ಗದ ಮೇಲೂ ಹಾಗೇ ಒಂದಿರಲಿ ಎಂದರೆ ಕೆಟ್ಟೆವು. ಇಲ್ಲಿನ ಬೋಳು ಬಂಡೆಯ ಮೇಲೆ ಇಟ್ಟದ್ದೆಲ್ಲ ಮೈಲುಗಟ್ಟಲೆ ದೂರಕ್ಕೆ ಕಾಣುತ್ತದೆ.

ಅದೇ ದುರ್ಗದ ಮಗ್ಗುಲಲ್ಲಿ ಕೈಲಾಸಗಿರಿ ಇದೆ. ಬಂಡೆಯ ಹೊಟ್ಟೆ ಕೊರೆದು ನಮ್ಮ ಕಾಲದಲ್ಲೇ ಮಾಡಿದ ಗುಹಾಲಯಗಳು, ಒಳಗೆ ಚತುರ್ಮುಖ ಶಿವ, ಪಾರ್ವತಿ, ಗಣಪತಿ. ಹೊರಗಿನಿಂದ ಬಂಡೆ ಬಂಡೆಯಾಗಿಯೇ ಉಳಿದಿದೆ, ಒಳಗೆ ಹೋದ ಮೇಲೆ ಕಂಬಗಳ ಗಾತ್ರ ನೋಡಿ ಬಾಯಿ ತೆರೆಯಬೇಕು. ನಿಸರ್ಗದಲ್ಲಿ ಬೆರೆಯುವ ಕಟ್ಟಡಕ್ಕೆ ಇದಕ್ಕಿಂತ ಪಕ್ಕಾ ಮಾದರಿ ಇಲ್ಲ ಎಂದು ವಾದಿಸಬಹುದು. ನಾನು ವಾದಿಸುವುದಿಲ್ಲ. ದೇವರಿಗೆ ಕತ್ತಲೆ ಒಪ್ಪುತ್ತದೆ. ಬಿಸಿಲಲ್ಲಿ ನಡೆದು ಬಂದವನಿಗೆ ಬೇಕಾದದ್ದು ಗಾಳಿ, ನೆರಳು, ಕುಡಿಯುವ ನೀರು, ಚೊಕ್ಕ ಶೌಚಾಲಯ. ಅಲ್ಲದೆ ಬಂಡೆ ಕೊರೆದರೆ ಹೊರಬರುವ ಕಲ್ಲಿನ ರಾಶಿಯನ್ನು ಎಲ್ಲಾದರೂ ಸುರಿಯಲೇಬೇಕು.

ನಡೆದು ಬಂದವನ ನೆರಳಿಗೆ ಹಳಬರು ಕಂಡುಕೊಂಡ ಉತ್ತರ ನಾಲ್ಕು ಕಾಲಿನ ಮಂಟಪ. ನಮ್ಮ ಸೀಮೆಯಲ್ಲಿ ಬೆಟ್ಟದ ದಾರಿಯಲ್ಲಿ, ಕೆರೆ ಏರಿಯ ಪಕ್ಕದಲ್ಲಿ ಅಂಥವು ಇನ್ನೂ ನಿಂತಿವೆ. ಅದರ ಅಳತೆಯನ್ನು ಗೊತ್ತುಮಾಡಿದ್ದು ಕಲ್ಲು. ಗ್ರಾನೈಟಿನ ಮೇಲೆ ಎಷ್ಟು ಭಾರ ಹೇರಿದರೂ ತಡೆದೀತು, ಬಾಗುವುದೊಂದು ಅದಕ್ಕೆ ಬಾರದು. ಹಾಗಾಗಿ ಎಂಟು-ಹತ್ತು ಅಡಿಗೊಂದು ಕಂಬ ಕೊಡಲೇಬೇಕು. ಆ ಅಂತರದಲ್ಲಿ ಕಟ್ಟಿದ್ದು ತಾನಾಗಿ ಗಿಡ್ಡವಾಗಿ ಉಳಿಯುತ್ತದೆ, ಪಕ್ಕದ ಗುಂಡುಕಲ್ಲಿಗಿಂತ ಮೇಲೇಳುವುದಿಲ್ಲ. ಐವತ್ತು ಜನಕ್ಕೆ ಜಾಗ ಬೇಕೆಂದರೆ ಇಂಥ ಅಂಕಣಗಳನ್ನೇ ಒಂದರ ಪಕ್ಕ ಒಂದು ಗುಂಡುಗಳ ನಡುವೆ ಹಬ್ಬಿಸಿದರಾಯಿತು. ಗಾಜಿನ ಗೋಡೆ ಬೇಡವೇ ಬೇಡ. ಸಂಜೆ ಬಿಸಿಲಿಗೆ ಅದು ಹತ್ತು ಊರಿಗೆ ಕಣ್ಣು ಹೊಡೆಯುತ್ತದೆ.

ಕಲ್ಲನ್ನು ದೂರದಿಂದ ತರಬೇಕಾಗಿಲ್ಲ. ಈ ಸೀಮೆಯ ಹಾಸುಬಂಡೆ ಈರುಳ್ಳಿಯಂತೆ ಪದರ ಪದರವಾಗಿ ಏಳುವ ಜಾತಿ. ಹಿಂದೆಲ್ಲ ಬಂಡೆಯ ಮೇಲೆ ಸೌದೆ ಉರಿಸಿ, ಬೆಂಕಿಯನ್ನು ಮೆಲ್ಲಗೆ ಮುಂದೆ ಸರಿಸುತ್ತ, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತ ಹೋಗುತ್ತಿದ್ದರು. ಸದ್ದು ಪೊಳ್ಳಾದರೆ ಪದರ ಬಿಟ್ಟಿತೆಂದು ಲೆಕ್ಕ. ಹಾಗೆ ಎದ್ದ ಚಪ್ಪಡಿಗಳೇ ಮನೆಯ ಮಾಡಿಗೂ ಹೊಲದ ಬೇಲಿಗೂ ಹೋದವು. ದ್ರಾಕ್ಷಿ ಚಪ್ಪರಕ್ಕೆ ಈಗಲೂ ನಿಲ್ಲಿಸುವ ಕಲ್ಲುಕೂಚಗಳು ಅದೇ ವಂಶದವು. ವಾಸ್ತುಶಿಲ್ಪಿಗಳು ಬೆಂಗಳೂರಿನಲ್ಲಿ ಕೂತು ‘ಟೆಕ್ಸ್ಚರ್ ಪೇಂಟ್’ ಆರಿಸುವ ಮುಂಚೆ ಚಿಕ್ಕಬಳ್ಳಾಪುರದ ಕಡೆಯ ಒಂದು ದ್ರಾಕ್ಷಿ ತೋಟಕ್ಕೆ ಹೋಗಿ ಬರಲಿ. ಸಿಮೆಂಟಿನಲ್ಲಿ ಮರದ ಬೊಡ್ಡೆ ಮಾಡಿ ಕಸದ ಬುಟ್ಟಿ ಎನ್ನುವ, ಅಣಬೆಗೆ ಬಣ್ಣ ಬಳಿದು ನೆರಳು ಎನ್ನುವ ನಮ್ಮ ಉದ್ಯಾನಗಳ ಅಭಿರುಚಿಗೆ ಇದಕ್ಕಿಂತ ಅಗ್ಗದ ಮದ್ದಿಲ್ಲ. ನಿಜವಾದ ಬಂಡೆಯ ಪಕ್ಕ ಸಿಮೆಂಟಿನ ಸುಳ್ಳುಬಂಡೆ ಇಟ್ಟವರಿಗೆ ಏನೆನ್ನಬೇಕೋ ಕಾಣೆ.

ಎಲ್ಲಿ ಕಟ್ಟಬೇಕು ಎಂಬುದಕ್ಕೆ ನೀರೂ ಬುಡದ ಕಡೆಗೇ ಬೆರಳು ತೋರಿಸುತ್ತದೆ. ವರ್ಷವಿಡೀ ಹರಿಯುವ ಹೊಳೆ ಚಿಕ್ಕಬಳ್ಳಾಪುರ ಜಿಲ್ಲೆಗಿಲ್ಲ. ಕೊಳವೆಬಾವಿಗಳ ಆಳದ ಮಾತು ಎತ್ತದಿರುವುದೇ ವಾಸಿ. ಆದರೆ ಬೋಳು ಬಂಡೆಗೆ ಬಿದ್ದ ಮಳೆ ಇಂಗುವುದಿಲ್ಲ, ಜಾರಿ ಇಳಿಯುತ್ತದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರು ಮಳೆ ಎಂದರೆ ಒಂದು ಲೀಟರು. ಒಂದು ಗುಂಟೆ ಹಾಸುಬಂಡೆಗೆ 700 ಮಿಲಿಮೀಟರು ಸುರಿದರೆ ಸುಮಾರು ಎಪ್ಪತ್ತು ಸಾವಿರ ಲೀಟರು. ಆವಿಯಾಗಿ, ಸೀಳುಗಳಲ್ಲಿ ಇಳಿದು ಹೋದದ್ದನ್ನು ಕಳೆದರೂ ಉಳಿಯುವುದು ಕಡಿಮೆಯಲ್ಲ. ದುರ್ಗದ ಮೇಲೆ ಕೋಟೆ ಕಟ್ಟಿದವರಿಗೆ ಈ ಲೆಕ್ಕ ಗೊತ್ತಿತ್ತು, ದೊಣೆಗಳಿಗೆ ನೀರು ತಿರುಗಿಸಿಕೊಂಡರು. ನಾವು ಬಂಡೆಯ ಬುಡದಲ್ಲಿ ಒಂದು ಸಣ್ಣ ಕಲ್ಯಾಣಿ ತೋಡಿ, ಅದರ ಮೇಲ್ದಂಡೆಗೆ ಮಂಟಪದ ಸಾಲು ಎಳೆದರೆ ನೋಟವೂ ನೀರೂ ಒಂದೇ ಕಡೆ ಸಿಗುತ್ತವೆ. ಒಳಗೆ ಇಡಬೇಕಾದದ್ದು ಹೆಚ್ಚಿಲ್ಲ: ಬೆಟ್ಟದ ಒಂದು ನಕ್ಷೆ, ಕೋಟೆಯ ನಾಲ್ಕು ಸಾಲಿನ ಚರಿತ್ರೆ. ಪರದೆಯ ಮೇಲೆ ಬೆಟ್ಟ ತೋರಿಸುವುದಾದರೆ ಬೆಟ್ಟದವರೆಗೆ ಬಂದದ್ದು ಯಾಕೆ?

ಎಳನೀರು, ಸೌತೆಕಾಯಿ, ಚುರುಮುರಿ ಮಾರುವವರಿಗೆ ಮಾತ್ರ ನಕ್ಷೆ ಬರೆಯುವ ದಿನವೇ ಕಲ್ಲುಕಟ್ಟೆಯನ್ನೂ ನೆರಳನ್ನೂ ಗುರುತು ಹಾಕಬೇಕು. ಕಟ್ಟಡ ಮುಗಿದ ಮೇಲೆ ನೋಡೋಣ ಎಂದು ಬಿಟ್ಟರೆ ಉದ್ಘಾಟನೆಯ ಮರುವಾರವೇ ಅದರ ಮುಂದೆ ನೀಲಿ ಟಾರ್ಪಾಲು ಏಳುತ್ತದೆ. ತಪ್ಪು ಅವರದಲ್ಲ.

ಇನ್ನು ಮಂಟಪದ ಮಾಡಿಗೆ ಚಪ್ಪಡಿ, ಚಪ್ಪಡಿಯ ಮೇಲೆ ಬಿಗಿಯಾಗಿ ಅದುಮಿದ ಮಣ್ಣು, ಮಣ್ಣಿನ ಮೇಲೆ ಬೆಟ್ಟದ್ದೇ ಹುಲ್ಲು. ಬರಿ ಚಪ್ಪಡಿಯಾದರೆ ಮಧ್ಯಾಹ್ನ ಕುಡಿದ ಬಿಸಿಲನ್ನು ರಾತ್ರಿಯವರೆಗೂ ಕೆಳಕ್ಕೆ ಕಾರುತ್ತದೆ. ಮಂಗಳೂರು ಹೆಂಚು ನೋಡಲು ಚೆಂದ ಎಂಬ ಸಲಹೆ ಯಾರಾದರೂ ತಂದೇ ತರುತ್ತಾರೆ. ಅವರನ್ನು ಒಂದು ಮಧ್ಯಾಹ್ನ ನಂದಿಗೆ ಕಳಿಸಿ, ಕೈಯಲ್ಲೊಂದು ಚಿಪ್ಸ್ ಪೊಟ್ಟಣ ಕೊಟ್ಟು. ಹೆಂಚಿನ ಮೇಲೆ ಕೋತಿಗಳು ಎಷ್ಟು ದಿನ ತಾಳ್ಮೆಯಿಂದ ನಡೆದಾವು ಎಂಬ ಅಂದಾಜು ಅಲ್ಲೇ ಸಿಗುತ್ತದೆ.