ಕೆಮ್ಮಣ್ಣು ಮತ್ತು ಮಳೆನೀರು: ‘ಕುರುಂತೊಗೈ’ಯ ಒಂದು ಪದ್ಯದ ಬಂಧ

ತಮಿಳಿನ ಸಂಗಂ ಸಂಕಲನವಾದ ‘ಕುರುಂತೊಗೈ’ಯ 40ನೆಯ ಪದ್ಯವನ್ನು ನಮ್ಮಲ್ಲಿ ಅನೇಕರು ಮೊದಲು ಓದಿದ್ದು ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದದಲ್ಲಿ (‘ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್’, 1967). ಕೆಮ್ಮಣ್ಣಿನ ಮೇಲೆ ಸುರಿದ ಮಳೆನೀರಿನ ಉಪಮೆ ಅದರದು. ಕವಿಯ ನಿಜನಾಮ ಉಳಿದಿಲ್ಲ; ಉಪಮೆಯಿಂದಲೇ ಅವನಿಗೆ ಚೆಂಬುಲಪ್ಪೆಯನೀರಾರ್ ಎಂಬ ಹೆಸರು ಬಂದಿದೆ. ಆದರೆ ಉಪಮೆಯ ಈ ಖ್ಯಾತಿಯು ಪದ್ಯದ ಉಳಿದ ಕುಸುರಿಯನ್ನು ಮರೆಮಾಡಿದೆಯೆಂದು ನಮಗೆ ತೋರುತ್ತದೆ.

ಪದ್ಯಕ್ಕಿರುವುದು ಐದೇ ಸಾಲು. ಮೊದಲ ಮೂರೂ ಪ್ರಶ್ನೆಗಳು: ತಾಯಂದಿರ ನಂಟು, ತಂದೆಯರ ನಂಟು, ಕೊನೆಗೆ ಪ್ರೇಮಿಗಳಿಬ್ಬರ ಪರಿಚಯ. ಕೂಟದ ತರುವಾಯ ಅಗಲಿಕೆಗೆ ಅಂಜಿದ ನಾಯಕಿಗೆ ನಾಯಕನು ನುಡಿದದ್ದು ಇದು ಎಂದು ಪ್ರಾಚೀನ ಟಿಪ್ಪಣಿ ಹೇಳುತ್ತದೆ. ಹಾಗಾದರೆ ಇದು ಹೆಣ್ಣನ್ನು ಸಂತೈಸುವ ಜಾಣ ನುಡಿ ಮಾತ್ರವೇ?

ಉತ್ತರವಿರುವುದು ವ್ಯಾಕರಣದಲ್ಲಿ. ನಾಯಕನು ಎಲ್ಲಿಯೂ ‘ಅಗಲೆನು’ ಎಂದು ಭಾಷೆ ಕೊಡುವುದಿಲ್ಲ. ಮೂರನೆಯ ಪ್ರಶ್ನೆಯಲ್ಲಿ ‘ನಾನು’, ‘ನೀನು’ ಎಂಬ ಎರಡು ಕರ್ತೃಪದಗಳು ಬಹುವಚನದ ಒಂದೇ ಕ್ರಿಯಾಪದದಲ್ಲಿ ‘ನಾವು’ ಆಗುತ್ತವೆ. ಕೊನೆಯ ಸಾಲಿನಲ್ಲಿ ಆ ಸರ್ವನಾಮಗಳೂ ಇಲ್ಲ. ಹೃದಯಗಳು ತಾವಾಗಿಯೇ ಕಲೆತಿವೆ, ಅದೂ ಭೂತಕಾಲದಲ್ಲಿ. ನಡೆದುಹೋದುದನ್ನು ಅವನು ವರದಿ ಮಾಡುತ್ತಾನೆ, ಅಷ್ಟೆ. ಮಳೆ ನಾಯಕ, ನೆಲ ನಾಯಕಿ ಎಂದು ಹಂಚಿಕೊಡುವ ವ್ಯಾಖ್ಯಾನವನ್ನು ನಾವು ಒಪ್ಪಲಾರೆವು. ಕೆಂಪಾದ ನೀರಿನಲ್ಲಿ ಯಾರ ಪಾಲು ಯಾವುದೆಂದು ಪದ್ಯ ಹೇಳುವುದೇ ಇಲ್ಲ.

ಛಂದಸ್ಸೂ ಇದಕ್ಕೆ ಒದಗಿಬಂದಿದೆ. ಈ ಬಗೆಯ ಅಗವಲ್ ಬಂಧದಲ್ಲಿ ಉಪಾಂತ್ಯ ಸಾಲಿಗೆ ಮೂರೇ ಗಣ, ಉಳಿದವಕ್ಕೆ ನಾಲ್ಕು. ಇದು ಕವಿಯ ಆವಿಷ್ಕಾರವಲ್ಲ, ನಿಯಮ. ಆದರೆ ಆ ಗಿಡ್ಡ ಸಾಲಿನಲ್ಲಿ ಉಪಮೆಯನ್ನು, ಅದೊಂದನ್ನೇ, ಇರಿಸಿದ್ದು ಕವಿಯ ಆಯ್ಕೆ. ಪ್ರಶ್ನೆಗಳ ಓಟ ಅಲ್ಲಿ ತಡೆಯುತ್ತದೆ; ಉಪಮಾನ ಮೊದಲು ಬಂದು ಉಪಮೇಯ ಒಂದು ಸಾಲು ಕಾಯುತ್ತದೆ.

ಕನ್ನಡಕ್ಕೆ ತರುವವರಿಗೆ ತೊಡಕಿರುವುದು ಉಪಮೆಯಲ್ಲಲ್ಲ. ‘ಕೆಮ್ಮಣ್ಣು’, ‘ಕಲೆ’ ಎರಡೂ ನಮ್ಮವೇ. ತೊಡಕು ನಂಟಿನ ಪದಗಳಲ್ಲಿದೆ. ‘ಯಾಯ್’ ಎಂದರೆ ನನ್ನ ತಾಯಿ, ‘ಞಾಯ್’ ಎಂದರೆ ನಿನ್ನ ತಾಯಿ. ‘ಎಂದೈ’, ‘ನುಂದೈ’ ಹಾಗೆಯೇ ತಂದೆಯರು. ಒಡೆತನ ಪದದೊಳಗೇ ಅಡಗಿದೆ. ಕನ್ನಡದಲ್ಲಿ ಇವುಗಳ ಮೂರನೆಯ ಸೋದರ ರೂಪ ‘ತಂದೆ’ (ತನ್ನ ತಂದೆ) ಮಾತ್ರ ಉಳಿದು, ಅದರ ‘ತನ್’ ಕೂಡ ಸವೆದುಹೋಗಿದೆ. ಆದರೂ ‘ನನ್ನ’, ‘ನಿನ್ನ’ಗಳಲ್ಲಿ ಭೇದ ಒಂದೇ ಸ್ವರದ್ದು. ಮೂಲದ ಧ್ವನಿಸಾಮ್ಯವನ್ನು ಅಲ್ಲಿಂದ ಮರಳಿ ಪಡೆಯಬಹುದು. ಇಂಗ್ಲಿಷಿಗೆ ಆ ಅನುಕೂಲವಿರಲಿಲ್ಲ.